ಮೊದಲು ಎತ್ತಿ, ಆಮೇಲೆ ತಿರುಗಿಸಿ



ಎತ್ತು ಕಟ್ಟಿ ಉಳುವುದನ್ನು ನಾವೆಲ್ಲ ನೋಡಿದ್ದೇವೆ. ಎತ್ತಿನ ಹೆಗಲ ಮೇಲೆ ನೊಗ. ನೊಗಕ್ಕೆ ನೇಗಿಲಿನ ಈಸು. ಎರಡನ್ನೂ ಸೇರಿಸಿ ಬಿಗಿಯುವುದು ಒಂದು ಮಿಣಿ. ಮಿಣಿ ಹರಿದರೆ ಏನಾಗುತ್ತೆ? ಎತ್ತುಗಳು ಮುಂದೆ ಹೋಗುತ್ತವೆ. ನೇಗಿಲು ನೆಲದಲ್ಲೇ ನಿಲ್ಲುತ್ತೆ. ಅದಕ್ಕೇ ನಮ್ಮ ಹಿರಿಯರು ಹೊಲಕ್ಕೆ ಹೊರಡುವ ಮುಂಚೆ ಮಿಣಿ ಮುಟ್ಟಿ ನೋಡುತ್ತಿದ್ದರು.

ಈಗ ಊರೂರಿಗೆ ಟ್ರ್ಯಾಕ್ಟರ್ ಬಂದಿದೆ. ಟ್ರ್ಯಾಕ್ಟರಿಗೂ ಒಂದು ಮಿಣಿ ಇದೆ. ಅದು ಕಬ್ಬಿಣದ್ದು. ಟ್ರ್ಯಾಕ್ಟರಿನ ಹಿಂಭಾಗದಲ್ಲಿದೆ. ಕಲ್ಟಿವೇಟರ್, ನೇಗಿಲು, ರೋಟವೇಟರ್ ಎಲ್ಲವನ್ನೂ ಅದಕ್ಕೇ ಸಿಕ್ಕಿಸುತ್ತಾರೆ. ಕಬ್ಬಿಣ ತಾನೆ, ಏನಾಗುತ್ತೆ ಅಂತ ನಾವೂ ಅಂದುಕೊಂಡಿದ್ದೆವು. ಮುಟ್ಟಿ ನೋಡಲಿಲ್ಲ. ಅದರಿಂದ ಏನಾಯಿತು ಎಂಬುದನ್ನು ಈ ಪಾಠದಲ್ಲಿ ಹೇಳುತ್ತೇವೆ.

ಆ ದಿನ ಏನಾಯಿತು?

ನಮ್ಮದು ಶಿರಾ ಸೀಮೆ. ಕೆಂಪು ಮಣ್ಣು. ಮಳೆ ಕಮ್ಮಿ. ಹೊಲದಲ್ಲಿ ಅಲ್ಲಲ್ಲಿ ಕಲ್ಲು, ಜಾಲಿ ಮರದ ಬುಡ. ನಮ್ಮ ಸಂಘದಲ್ಲಿ 14 ಜನ ಹೆಂಗಸರು ಇದ್ದೇವೆ. ಉಳಿತಾಯದ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ ಒಂದು ಹಳೆಯ ಟ್ರ್ಯಾಕ್ಟರ್ ಕೊಂಡೆವು. ಜತೆಗೆ 9 ಹಲ್ಲಿನ ಕಲ್ಟಿವೇಟರ್ ಬಂತು. ಊರಿನ ಹುಡುಗನೊಬ್ಬನನ್ನು ಡ್ರೈವರ್ ಮಾಡಿಕೊಂಡೆವು. ಸದಸ್ಯರ ಹೊಲಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ.

ಆ ವರ್ಷ ಆರಿದ್ರ ಮಳೆ ಚೆನ್ನಾಗಿ ಬಂತು. ಹೊಲ ಹದವಾಯಿತು. ಕಡಲೆಕಾಯಿ ಬಿತ್ತಬೇಕು. ಎಲ್ಲರಿಗೂ ಒಂದೇ ದಿನ ಟ್ರ್ಯಾಕ್ಟರ್ ಬೇಕು. ಮೊದಲ ಹೊಲದಲ್ಲಿ ಉಳುಮೆ ನಡೆದಿತ್ತು. ನಾವು ಬದುವಿನ ಮೇಲೆ ನಿಂತಿದ್ದೆವು.

"ಬೇಗ ಬೇಗ ತಿರುಗಿಸು ತಮ್ಮಾ. ಗಂಟೆ ಆಗ್ತಾ ಐತೆ" ಅಂತ ನಾವೇ ಕೂಗಿದೆವು.

"ಆಯ್ತಕ್ಕಾ" ಅಂದ ಹುಡುಗ. ಬದುವಿನ ಹತ್ತಿರ ಬಂದ. ಕಲ್ಟಿವೇಟರ್ ಮೇಲೆತ್ತಲಿಲ್ಲ. ಹಲ್ಲುಗಳು ನೆಲದಲ್ಲಿ ಇರುವಾಗಲೇ ಗಕ್ಕನೆ ತಿರುಗಿಸಿದ. ಒಂದು ಹಲ್ಲು ಜಾಲಿ ಬುಡಕ್ಕೆ ಸಿಕ್ಕಿಕೊಂಡಿತು. ಪಟ್ ಅಂತ ಸದ್ದಾಯಿತು. ಹಿಂದಿನ ಚೈನು ತುಂಡಾಯಿತು. ಬಲಗಡೆಯ ಕಬ್ಬಿಣದ ತೋಳು ಬಿಲ್ಲಿನ ಹಾಗೆ ಬಾಗಿತು. ಕಲ್ಟಿವೇಟರ್ ಓರೆಯಾಗಿ ಹೋಗಿ ಟೈರಿಗೆ ಒರೆಯಿತು.

ಶಿರಾಕ್ಕೆ ಹೋಗಿ ಸಾಮಾನು ತಂದು, ಮೇಸ್ತ್ರಿಯನ್ನು ಕರೆಸಿ ರಿಪೇರಿ ಮಾಡಿಸುವ ಹೊತ್ತಿಗೆ ಮೂರು ದಿನ ಕಳೆಯಿತು. ಮೂರು ದಿನವೂ ಸುಡುವ ಬಿಸಿಲು, ಗಾಳಿ. ಹೊಲದ ಹದ ಆರಿಹೋಯಿತು. ರಿಪೇರಿಗೆ 4,200 ರೂಪಾಯಿ ಆಯಿತು. ಹಣ ಹೇಗೋ ಹೊಂದಿಸಬಹುದು. ಹೋದ ಹದ ತರುವುದು ಯಾರಿಗೆ ಆಗುತ್ತೆ? ಐದು ಮನೆಯವರು ಮುಂದಿನ ಮಳೆಗೆ ಕಾಯಬೇಕಾಯಿತು. ಅವರಲ್ಲಿ ಇಬ್ಬರು ಬಿತ್ತನೆ ಬೀಜಕ್ಕೆ ಸಾಲ ಮಾಡಿದ್ದರು.

ತಪ್ಪು ಯಾರದು?

ಆ ಸಂಜೆ ಸಂಘದ ಸಭೆ ಸೇರಿತು. ಜೋರು ಜೋರು ಮಾತಾಯಿತು.

"ಹುಡುಗನ ಸಂಬಳದಲ್ಲಿ ಮುರ್ಕೊಳ್ಳಿ" ಅಂದರು ಒಬ್ಬರು.

"ಕೆಲಸದಿಂದಲೇ ಬಿಡಿಸಿ" ಅಂದರು ಇನ್ನೊಬ್ಬರು.

ಮೇಸ್ತ್ರಿ ಅಲ್ಲೇ ಜಗಲಿ ಮೇಲೆ ಕೂತಿದ್ದರು. ವಯಸ್ಸಾದವರು. ಬಾಗಿದ ತೋಳನ್ನೂ ತುಂಡಾದ ಚೈನನ್ನೂ ಮುಂದೆ ಇಟ್ಟರು.

"ನೋಡ್ರಮ್ಮ, ಇದು ಇವತ್ತು ಒಂದೇ ದಿನ ಆಗಿದ್ದಲ್ಲ. ಈ ಚೈನಿನ ಕೊಂಡಿ ಮೊದಲೇ ಸವೆದಿತ್ತು. ಯಾರೋ ತಂತಿ ಸುತ್ತಿದ್ದಾರೆ. ಇಲ್ಲಿ ಪಿನ್ನು ಇರಬೇಕಾಗಿತ್ತು. ಅದರ ಬದಲು ಬೋಲ್ಟ್ ಹಾಕಿದ್ದಾರೆ. ಟೈರಿನ ಒಳಮೈ ನೋಡಿ. ತಿಕ್ಕಿದ ಗುರುತು ಹಳೇದು. ತಿಂಗಳಿಂದ ಒರೀತಾ ಇದೆ. ನೀವ್ಯಾರೂ ನೋಡಲಿಲ್ವೇ?"

ನಾವು ಸುಮ್ಮನಾದೆವು. ನಮ್ಮಲ್ಲಿ ಹಿರಿಯಕ್ಕ ಒಬ್ಬರು ಹೇಳಿದರು. "ಹುಡುಗ ಎತ್ತದೆ ತಿರುಗಿಸಿದ, ಅದು ಅವನ ತಪ್ಪು. ಬೇಗ ತಿರುಗಿಸು ಅಂತ ಕೂಗಿದ್ದು ಯಾರು? ನಾವು. ಗಾಡಿ ನಮ್ಮದು, ಸಾಲ ನಮ್ಮದು. ಗಾಡಿ ಬೆನ್ನು ನೋಡೋ ಕೆಲಸ ಮಾತ್ರ ಬೇರೆಯವರದ್ದಾ?"

ಹುಡುಗನ ಸಂಬಳ ಮುರಿಯಲಿಲ್ಲ. ಖರ್ಚನ್ನು 14 ಜನ ಸಮವಾಗಿ ಹಂಚಿಕೊಂಡೆವು. ಮರುದಿನ ಮೇಸ್ತ್ರಿಯ ಹತ್ತಿರ ನಾವೂ ಹುಡುಗನೂ ಒಟ್ಟಿಗೆ ನಿಂತು ಪಾಠ ಕಲಿತೆವು. ಆ ಪಾಠ ಇದು.

ಹಿಂದಿನ ಮೂರು ಕೊಂಡಿ

ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿ. ಇಂಜಿನ್ ಬಂದ್ ಆಗಿರಲಿ. ಮೂರು ಕಡೆ ಹಿಡಿತ ಕಾಣುತ್ತೆ.

ಕೆಳಗೆ ಎಡಕ್ಕೆ ಒಂದು ತೋಳು. ಕೆಳಗೆ ಬಲಕ್ಕೆ ಒಂದು ತೋಳು. ಇವು ಉಪಕರಣವನ್ನು ಎಳೆಯುತ್ತವೆ, ಎತ್ತುತ್ತವೆ. ನಡುವೆ ಮೇಲೆ ಒಂದು ಉದ್ದನೆಯ ಕೊಂಡಿ. ಇದಕ್ಕೆ ಟಾಪ್ ಲಿಂಕ್ ಅನ್ನುತ್ತಾರೆ. ಇದು ಉಪಕರಣ ಹಿಂದಕ್ಕೂ ಮುಂದಕ್ಕೂ ವಾಲದಂತೆ ಹಿಡಿಯುತ್ತೆ. ಒಲೆಗೆ ಮೂರು ಗುಂಡು ಇದ್ದ ಹಾಗೆ. ಒಂದು ಸಡಿಲವಾದರೂ ಮಡಕೆ ನಿಲ್ಲುವುದಿಲ್ಲ.

ಕೆಳಗಿನ ತೋಳುಗಳನ್ನು ಎತ್ತುವುದು ಹೈಡ್ರಾಲಿಕ್. ಅಂದರೆ ಎಣ್ಣೆಯ ಒತ್ತಡದ ಬಲ. ಡ್ರೈವರನ ಬಲಗೈ ಹತ್ತಿರ ಇದರ ಲಿವರ್ ಇರುತ್ತೆ. ತೋಳುಗಳು ಅಕ್ಕಪಕ್ಕಕ್ಕೆ ತೂಗಾಡಿ ಟೈರಿಗೆ ತಾಗಬಾರದು. ಅದಕ್ಕೆ ಎರಡೂ ಕಡೆ ಚೈನು ಇರುತ್ತೆ. ಕೆಲವು ಗಾಡಿಗಳಲ್ಲಿ ಚೈನಿನ ಬದಲು ಕಬ್ಬಿಣದ ಸರಳು ಇರುತ್ತೆ.

ಈ ಮೂರು ಕೊಂಡಿ ಬಂದದ್ದು ಯಾಕೆ? ಅದಕ್ಕೂ ಒಂದು ಕತೆ ಇದೆ. ಮೊದಮೊದಲು ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಸುಮ್ಮನೆ ಸಿಕ್ಕಿಸಿ ಎಳೆಯುತ್ತಿದ್ದರು. ನೇಗಿಲು ಬಂಡೆಗೆ ಸಿಕ್ಕಿದರೆ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತಿತ್ತು. ಗಾಡಿ ಹಿಂದಕ್ಕೆ ಮಗುಚಿ ಡ್ರೈವರನ ಮೇಲೆ ಬೀಳುತ್ತಿತ್ತು. ಐರ್ಲೆಂಡ್ ದೇಶದ ಹ್ಯಾರಿ ಫರ್ಗುಸನ್ ಎಂಬವರು ಇದಕ್ಕೆ ದಾರಿ ಹುಡುಕಿದರು. 1936ರಲ್ಲಿ ಅವರ ಮೂರು ಕೊಂಡಿಯ ಟ್ರ್ಯಾಕ್ಟರ್ ಮಾರಾಟಕ್ಕೆ ಬಂತು. ನೇಗಿಲಿಗೆ ತಡೆ ಸಿಕ್ಕಾಗ ಮೇಲಿನ ಕೊಂಡಿ ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುತ್ತೆ. ಮೂತಿ ಸುಲಭಕ್ಕೆ ಮೇಲೇಳುವುದಿಲ್ಲ. ಹಾಗಾಗಿ ಈ ಕೊಂಡಿ ಬರೀ ಕೆಲಸದ್ದಲ್ಲ. ಜೀವ ಕಾಯುವುದೂ ಹೌದು.

ಕೊಂಡಿ ಹಾಳಾಗುವುದು ಹೇಗೆ?

1. ಎತ್ತದೆ ತಿರುಗಿಸುವುದು. ಕೆಸರಿನಲ್ಲಿ ಕಾಲು ಹೂತಿದೆ ಅನ್ನಿ. ಸೊಂಟದ ಮೇಲೆ ತುಂಬಿದ ಕೊಡ ಇದೆ. ಗಕ್ಕನೆ ತಿರುಗಿದರೆ ಏನಾಗುತ್ತೆ? ಮಂಡಿ ಉಳುಕುತ್ತೆ. ಟ್ರ್ಯಾಕ್ಟರಿನದೂ ಅದೇ ಕತೆ. ತೋಳುಗಳು ಇರುವುದು ನೇರಕ್ಕೆ ಎಳೆಯಲು. ಹಲ್ಲು ನೆಲದಲ್ಲಿ ಇರುವಾಗ ತಿರುಗಿದರೆ ಬಲವೆಲ್ಲ ಪಕ್ಕಕ್ಕೆ ಬೀಳುತ್ತೆ. ತೋಳು ಬಾಗುತ್ತೆ. ಚೈನು ಹರಿಯುತ್ತೆ. ಹಲ್ಲು ನೆಲದಲ್ಲಿ ಇರುವಾಗ ಹಿಂದಕ್ಕೆ ಸರಿದರೂ ಹೀಗೇ.

2. ಸಿಕ್ಕಿದ್ದನ್ನು ಪಿನ್ನು ಮಾಡುವುದು. ಪಿನ್ನು ಕಳೆದುಹೋಯಿತು ಅಂತ ಬೋಲ್ಟ್, ಸರಳಿನ ತುಂಡು ಹಾಕುತ್ತಾರೆ. ಅದು ಬಾಗುತ್ತೆ, ತುಂಡಾಗುತ್ತೆ. ಕೆಳಗಿನ ತೋಳಿನ ಪಿನ್ನು ಸಾಮಾನ್ಯವಾಗಿ ಎರಡು ಅಳತೆಯಲ್ಲಿ ಬರುತ್ತೆ. ಒಂದು 22 ಮಿಲಿಮೀಟರ್. ಇನ್ನೊಂದು 28 ಮಿಲಿಮೀಟರ್. ದೊಡ್ಡ ತೂತಿಗೆ ಸಣ್ಣ ಪಿನ್ನು ಹಾಕಿದರೆ ಲಟಪಟ ಅನ್ನುತ್ತೆ. ದಿನದಿನಕ್ಕೆ ತೂತು ಸವೆದು ಅಗಲವಾಗುತ್ತೆ. ಅಂಥ ಕಡೆ ನಡುವೆ ಬುಶ್ ಹಾಕಬೇಕು. ಅಂಗಡಿಯಲ್ಲಿ ಪಿನ್ನು ಕೊಳ್ಳುವಾಗ ಅಳತೆ ಕೇಳಿ ಪಡೆಯಿರಿ.

3. ಚೈನು ಸಡಿಲ ಬಿಡುವುದು. ಕಲ್ಟಿವೇಟರ್ ಮತ್ತು ನೇಗಿಲಿಗೆ ಅಕ್ಕಪಕ್ಕ ಸ್ವಲ್ಪ ಆಟ ಬೇಕು. ಟೈರಿಗೆ ತಾಗುವಷ್ಟು ಆಟ ಬೇಡ. ರೋಟವೇಟರಿಗೆ ಚೈನು ಬಿಗಿಯಾಗಿ, ಅದು ನಡುವಿಗೆ ನಿಲ್ಲುವಂತೆ ಇರಬೇಕು. ಉಪಕರಣ ಎತ್ತಿ ರಸ್ತೆಯಲ್ಲಿ ಹೋಗುವಾಗ ಯಾವುದೂ ತೂಗಾಡಬಾರದು.

4. ಮೇಲಿನ ಕೊಂಡಿಯ ಉದ್ದ ತಪ್ಪುವುದು. ಟಾಪ್ ಲಿಂಕನ್ನು ತಿರುವಿ ಗಿಡ್ಡ ಮಾಡಬಹುದು, ಉದ್ದ ಮಾಡಬಹುದು. ತೀರಾ ಗಿಡ್ಡ ಮಾಡಿದರೆ ಉಪಕರಣದ ಮೂತಿ ನೆಲಕ್ಕೆ ನುಗ್ಗುತ್ತೆ. ತೀರಾ ಉದ್ದ ಮಾಡಿದರೆ ಮುಂದಿನ ಹಲ್ಲು ನೆಲ ಕಚ್ಚುವುದಿಲ್ಲ. ಕಲ್ಟಿವೇಟರ್ ಮುಂದೆ ಹಿಂದೆ ಸಮವಾಗಿ ಕೂರಬೇಕು. ತಿರುವುವಾಗ ಮರೆಯನ್ನು ಪೂರ್ತಿ ಹೊರಗೆ ತೆಗೆಯಬೇಡಿ. ಎರಡು ಕಡೆಯೂ ಸಾಕಷ್ಟು ಮರೆ ಒಳಗೆ ಇರಲಿ. ಇಲ್ಲದಿದ್ದರೆ ಭಾರ ಬಿದ್ದಾಗ ಕಿತ್ತುಬರುತ್ತೆ.

5. ಭಾರ ಹೇರುವುದು. ಹಲ್ಲು ಆಳಕ್ಕೆ ಇಳಿಯಲಿ ಅಂತ ಕಲ್ಟಿವೇಟರ್ ಮೇಲೆ ಕಲ್ಲು ಇಡುತ್ತಾರೆ. ಕೊನೆಗೆ ಎತ್ತುವಾಗ ಆ ಭಾರವೆಲ್ಲ ತೋಳುಗಳ ಮೇಲೆ, ಹೈಡ್ರಾಲಿಕ್ ಮೇಲೆ ಬೀಳುತ್ತೆ. ಹಲ್ಲು ಇಳಿಯದಿದ್ದರೆ ಕಲ್ಲು ಇಡಬೇಡಿ. ಹಲ್ಲಿನ ತುದಿ ಸವೆದಿದೆಯೇ, ಮೇಲಿನ ಕೊಂಡಿಯ ಉದ್ದ ಸರಿಯಿದೆಯೇ ನೋಡಿ.

6. ರಸ್ತೆಯಲ್ಲಿ ಓಡಿಸುವುದು. ಉಪಕರಣ ಎತ್ತಿಕೊಂಡು ಹೋಗುವಾಗ ಅದರ ಭಾರವೆಲ್ಲ ಕೊಂಡಿಗಳ ಮೇಲೆ ಇರುತ್ತೆ. ಗುಂಡಿ, ಉಬ್ಬು ಬಂದಾಗ ಗಾಡಿ ಎಗರಿದರೆ ಆ ಏಟು ಕೊಂಡಿಗಳಿಗೆ ಬೀಳುತ್ತೆ. ನಿಧಾನವಾಗಿ ಹೋಗಬೇಕು.

ಸಿಕ್ಕಿಸುವ ಕ್ರಮ, ಬಿಚ್ಚುವ ಕ್ರಮ

ಮೊದಲು ಸಮನೆಲದಲ್ಲಿ ಗಾಡಿಯನ್ನು ನಿಧಾನವಾಗಿ ಹಿಂದಕ್ಕೆ ತರಬೇಕು. ಆಗ ಗಾಡಿಗೂ ಉಪಕರಣಕ್ಕೂ ನಡುವೆ ಯಾರೂ ನಿಲ್ಲಬಾರದು. ಗಾಡಿ ನಿಲ್ಲಿಸಿ, ಬ್ರೇಕ್ ಹಾಕಿ, ಇಂಜಿನ್ ಬಂದ್ ಮಾಡಿದ ಮೇಲೆ ಸಿಕ್ಕಿಸಬೇಕು.

ಮೊದಲು ಎಡ ತೋಳು.
ಆಮೇಲೆ ಬಲ ತೋಳು.
ಕೊನೆಗೆ ಮೇಲಿನ ಕೊಂಡಿ.

ಬಲ ತೋಳನ್ನು ಯಾಕೆ ಎರಡನೆಯದಾಗಿ ಸಿಕ್ಕಿಸುತ್ತಾರೆ? ಸಾಮಾನ್ಯವಾಗಿ ಬಲಗಡೆ ತಿರುವುವ ಹಿಡಿ ಇರುತ್ತೆ. ಅದನ್ನು ತಿರುವಿ ತೋಳನ್ನು ಮೇಲೆ ಕೆಳಗೆ ಮಾಡಬಹುದು. ಪಿನ್ನಿಗೆ ತೂತು ಸರಿಯಾಗಿ ಕೂರುತ್ತೆ. ಸುತ್ತಿಗೆಯಲ್ಲಿ ಹೊಡೆದು ಕೂರಿಸುವ ಕೆಲಸ ಇಲ್ಲ.

ಬಿಚ್ಚುವಾಗ ಇದರ ಉಲ್ಟಾ. ಉಪಕರಣವನ್ನು ನೆಲಕ್ಕೆ ಇಳಿಸಿ. ಮೊದಲು ಮೇಲಿನ ಕೊಂಡಿ, ಆಮೇಲೆ ಬಲ, ಕೊನೆಗೆ ಎಡ. ಪ್ರತಿ ಪಿನ್ನಿನ ತುದಿಗೂ ಸಣ್ಣ ಬೀಗದ ಪಿನ್ನು ಇರುತ್ತೆ. ಅದಕ್ಕೆ ಲಿಂಚ್ ಪಿನ್ ಅನ್ನುತ್ತಾರೆ. ಅದು ಚಿಕ್ಕದು, ಬೆಲೆ ಕಮ್ಮಿ. ಅದು ಬಿದ್ದುಹೋದರೆ ದೊಡ್ಡ ಪಿನ್ನು ಜಾರುತ್ತೆ. ಅದನ್ನು ಸಣ್ಣ ಸರಪಳಿಯಲ್ಲಿ ಕಟ್ಟಿಡಿ. ಮನೆಯಲ್ಲಿ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ.

ಜೀವಕ್ಕೆ ಅಪಾಯ ತರುವ ನಾಲ್ಕು ಕೆಲಸ

ಕಬ್ಬಿಣ ಹೋದರೆ ಬೇರೆ ತರಬಹುದು. ಜೀವ ಹೋದರೆ ಬರುವುದಿಲ್ಲ. ಈ ನಾಲ್ಕನ್ನು ಮನೆಯವರಿಗೆಲ್ಲ ಓದಿ ಹೇಳಿ.

ಒಂದು. ಮರದ ಬುಡ ಕೀಳಲು, ಹೂತ ಗಾಡಿ ಎಳೆಯಲು ಮೇಲಿನ ಕೊಂಡಿಯ ಜಾಗಕ್ಕೆ ಹಗ್ಗ ಅಥವಾ ಸರಪಳಿ ಕಟ್ಟಬೇಡಿ. ಹಿಂದಿನ ಅಚ್ಚಿಗೂ ಕಟ್ಟಬೇಡಿ. ಅಷ್ಟು ಎತ್ತರದಿಂದ ಎಳೆದರೆ ಗಾಡಿ ಹಿಂದಕ್ಕೆ ಮಗುಚುತ್ತೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಗಿಹೋಗುತ್ತೆ. ಎಳೆಯಲು ಗಾಡಿಯ ಕೆಳಗೆ ಬೇರೆ ಜಾಗ ಇದೆ. ಅದಕ್ಕೆ ಡ್ರಾಬಾರ್ ಅನ್ನುತ್ತಾರೆ.

ಎರಡು. ಕಲ್ಟಿವೇಟರ್ ಮೇಲೆ ಯಾರೂ ಕೂರಬಾರದು, ನಿಲ್ಲಬಾರದು. ಬುತ್ತಿ ಹಿಡಿದು ನಾವೂ ಕೂತು ಹೋಗಿದ್ದೇವೆ. ಮಕ್ಕಳನ್ನೂ ಕೂರಿಸಿದ್ದೇವೆ. ಇನ್ನು ಮೇಲೆ ಬೇಡ. ಜಾರಿದರೆ ಹಲ್ಲಿನ ಕೆಳಗೇ ಬೀಳುವುದು.

ಮೂರು. ಎತ್ತಿ ನಿಲ್ಲಿಸಿದ ಉಪಕರಣದ ಕೆಳಗೆ ತಲೆ, ಕೈ ಹಾಕಬಾರದು. ಎಣ್ಣೆಯ ಒತ್ತಡ ಇಳಿದರೆ, ಯಾರಾದರೂ ಲಿವರ್ ಮುಟ್ಟಿದರೆ ಅದು ಧೊಪ್ಪನೆ ಕೆಳಗೆ ಬೀಳುತ್ತೆ. ಸಂಜೆ ಗಾಡಿ ನಿಲ್ಲಿಸುವಾಗ ಉಪಕರಣವನ್ನು ನೆಲಕ್ಕೆ ಇಳಿಸಿಯೇ ಬಿಡಬೇಕು. ಅಂಗಳದಲ್ಲಿ ಮಕ್ಕಳು ಆಡುತ್ತಾರೆ.

ನಾಲ್ಕು. ರೋಟವೇಟರ್ ತಿರುಗುತ್ತಿರುವಾಗ ಹತ್ತಿರ ಹೋಗಬಾರದು. ಗಾಡಿಯಿಂದ ರೋಟವೇಟರಿಗೆ ತಿರುಗುವ ಒಂದು ದಂಡ ಇರುತ್ತೆ. ಅದಕ್ಕೆ ಸೀರೆಯ ಸೆರಗು, ಜಡೆ ಸಿಕ್ಕರೆ ಎಳೆದುಕೊಂಡುಬಿಡುತ್ತೆ. ದಂಡದ ಮೇಲಿನ ಕವಚ ತೆಗೆಯಬಾರದು.

ನಮ್ಮ ವಹಿ

ಈಗ ನಮ್ಮ ಸಂಘದಲ್ಲಿ ಒಂದು ವಹಿ ಇದೆ. 40 ಹಾಳೆಯ ನೋಟ್ ಪುಸ್ತಕ ಅಷ್ಟೆ. ಬೆಳಿಗ್ಗೆ ಯಾರ ಹೊಲಕ್ಕೆ ಗಾಡಿ ಹೋಗುತ್ತೋ ಆ ಮನೆಯ ಹೆಂಗಸು ಹುಡುಗನ ಜತೆ ನಿಂತು ಐದು ಕಡೆ ನೋಡುತ್ತಾರೆ. ನೋಡಿ, ತಾರೀಕು ಬರೆದು, ರುಜು ಹಾಕುತ್ತಾರೆ. ಹಿಂದೆ ಹೆಬ್ಬೆಟ್ಟು ಒತ್ತುತ್ತಿದ್ದ ಕೈಗಳೇ ಇವು.

1. ಮೂರು ಪಿನ್ನೂ ಇವೆಯೇ? ಲಿಂಚ್ ಪಿನ್ ಹಾಕಿದೆಯೇ?
2. ಎರಡೂ ಚೈನು ಸರಿ ಇವೆಯೇ? ತಂತಿ ಸುತ್ತಿಲ್ಲ ತಾನೆ?
3. ತೋಳು ನೆಟ್ಟಗಿದೆಯೇ? ಬಿರುಕು ಬಿಟ್ಟಿಲ್ಲ ತಾನೆ?
4. ಟೈರಿನ ಒಳಮೈ ಮೇಲೆ ತಿಕ್ಕಿದ ಗುರುತು ಇದೆಯೇ?
5. ಗಾಡಿ ಕೆಳಗೆ ಎಣ್ಣೆ ಸೋರಿದೆಯೇ?

ಇಷ್ಟಕ್ಕೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸಾಕು. ಏನಾದರೂ ಸರಿ ಇಲ್ಲದಿದ್ದರೆ ಗಾಡಿ ಹೊರಡುವುದಿಲ್ಲ. ಹಾಗೆಯೇ ಹೊಲ ನಮ್ಮದಾದರೆ ಕಲ್ಲು ಎಲ್ಲಿದೆ, ಮರದ ಬುಡ ಎಲ್ಲಿದೆ ಅಂತ ನಮಗೆ ಗೊತ್ತಿರುತ್ತೆ. ಕಳೆ ಕೀಳುವಾಗ ನೋಡಿರುತ್ತೇವೆ. ಅಲ್ಲಿ ಒಂದು ಕೋಲು ನೆಟ್ಟು ಬಟ್ಟೆ ಚೂರು ಕಟ್ಟುತ್ತೇವೆ. ಡ್ರೈವರನಿಗೆ ದೂರದಿಂದಲೇ ಕಾಣುತ್ತೆ.

ಇನ್ನೊಂದು ಮಾತೂ ಬದಲಾಯಿತು. ಬದುವಿನ ಮೇಲೆ ನಿಂತು ಬೇಗ ಬೇಗ ಅಂತ ನಾವು ಕೂಗುವುದಿಲ್ಲ. ಎತ್ತಿ ತಿರುಗಿಸಲು ಬೇಕಾಗುವುದು ನಾಲ್ಕು ಉಸಿರಿನಷ್ಟು ಹೊತ್ತು. ಎತ್ತದೆ ತಿರುಗಿಸಿದ್ದಕ್ಕೆ ಹೋಗಿದ್ದು ಮೂರು ದಿನ. ಈಗ ನಾವು ಕೂಗುವುದು ಒಂದೇ ಮಾತು. "ಮೊದಲು ಎತ್ತು ತಮ್ಮಾ, ಆಮೇಲೆ ತಿರುಗಿಸು."

ಹುಡುಗ ನಗುತ್ತಾನೆ. "ಎತ್ತಿದೀನಿ ಅಕ್ಕಾ, ನೋಡಿ" ಅನ್ನುತ್ತಾನೆ.

ಸ್ವಂತ ಟ್ರ್ಯಾಕ್ಟರ್ ಇಲ್ಲದವರಿಗೂ ಈ ಪಾಠ ಬೇಕು. ಕರ್ನಾಟಕದಲ್ಲಿ 2014-15ರಲ್ಲಿ ಕೃಷಿ ಯಂತ್ರಧಾರೆ ಯೋಜನೆ ಶುರುವಾಯಿತು. ಅದರ ಕೇಂದ್ರಗಳಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಾರೆ. ಬಾಡಿಗೆಗೆ ಪಡೆಯುವಾಗಲೂ ಈ ಐದು ಕಡೆ ನೋಡಿ. ಮೊದಲೇ ಬಾಗಿದ್ದರೆ, ಮುರಿದಿದ್ದರೆ ಅಲ್ಲೇ ತೋರಿಸಿ. ಚೀಟಿಯಲ್ಲಿ ಬರೆಸಿ. ಓದಿ ನೋಡಿ, ಆಮೇಲೆ ರುಜು ಹಾಕಿ. ಬೇರೆಯವರ ತಪ್ಪಿಗೆ ನೀವು ದಂಡ ಕಟ್ಟುವುದು ತಪ್ಪುತ್ತೆ.

ನೆನಪಿಡಿ

ಪಿನ್ನು ನೋಡಿ ಹೊರಡಿ.
ಕಲ್ಲಿಗೆ ಗುರುತು ನೆಡಿ.
ಮೊದಲು ಎತ್ತಿ, ಆಮೇಲೆ ತಿರುಗಿಸಿ.
ಸಂಜೆ ಇಳಿಸಿ ನಿಲ್ಲಿಸಿ.

ಹೊಸ ಪದಗಳು. ಓದಿ, ಬರೆಯಿರಿ

ಕೊಂಡಿ, ತೋಳು, ಪಿನ್ನು, ಚೈನು, ಬುಶ್, ಟಾಪ್ ಲಿಂಕ್, ಡ್ರಾಬಾರ್, ಹೈಡ್ರಾಲಿಕ್, ಮಿಲಿಮೀಟರ್.

ಕೂತು ಮಾತಾಡಿ

1. ಚೈನು ಹರಿದದ್ದಕ್ಕೆ ಕಾರಣಗಳು ಯಾವುವು? ಒಂದೇ ಕಾರಣವೇ?
2. ಹುಡುಗನ ಸಂಬಳ ಮುರಿಯದೆ ಬಿಟ್ಟದ್ದು ಸರಿಯೇ? ನಿಮ್ಮ ಸಂಘದಲ್ಲಿ ಆಗಿದ್ದರೆ ಏನು ಮಾಡುತ್ತಿದ್ದಿರಿ?
3. ನಿಮ್ಮ ಹೊಲದಲ್ಲಿ ಕಲ್ಲು, ಮರದ ಬುಡ ಎಲ್ಲೆಲ್ಲಿ ಇವೆ? ಒಂದು ಹಾಳೆಯಲ್ಲಿ ಹೊಲದ ಚಿತ್ರ ಬರೆದು ಗುರುತು ಹಾಕಿ.

ಲೆಕ್ಕ ಮಾಡಿ

ರಿಪೇರಿಗೆ ಆದ ಖರ್ಚು 4,200 ರೂಪಾಯಿ. ಸಂಘದಲ್ಲಿ 14 ಜನ. ಸಮವಾಗಿ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು? ಉತ್ತರವನ್ನು ಇಲ್ಲಿ ಬರೆಯಿರಿ: ............ ರೂಪಾಯಿ.